ಹಿರಿಯೂರಿನ ಎಂಟು ರೀಲು

ನೂರ ಎಪ್ಪತ್ತೆರಡು. ಈ ಸಂಖ್ಯೆಯನ್ನು ಮೂರು ವರ್ಷದಲ್ಲಿ ಎಷ್ಟು ಜನರ ಮುಂದೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ರವಿಕೆ ಅಳತೆ ಕೊಡಲು ಬಂದವರಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಸೀರೆಗೆ ಫಾಲ್ಸ್ ಹಚ್ಚಿಸಲು ಬಂದ ಮದುವೆ ಹೆಣ್ಣಿನ ತಾಯಿಯನ್ನೂ ಬಿಟ್ಟಿಲ್ಲ. ನನ್ನ ಕಡೆ ಎತ್ತಿದ ಕೈ ನೂರ ಎಪ್ಪತ್ತೆರಡು, ಎದುರು ನಿಂತವನ ಕಡೆ ನೂರ ಹದಿನೆಂಟು, ಆದರೂ ಸಂಘದ ಅಧ್ಯಕ್ಷ ಅವನು. ಇದು ಯಾವ ಸೀಮೆಯ ನ್ಯಾಯ ಎಂದು ಕೇಳಿದರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಆ ಅಯ್ಯೋ ಪಾಪ ಕೇಳಿದಷ್ಟೂ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ನಾನು ಹಿರಿಯೂರಿನಲ್ಲಿ ಲೇಡೀಸ್ ಟೈಲರ್. ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯ ಸಾಲಂಗಡಿಗಳಲ್ಲಿ ನನ್ನದು ಮೂರನೆಯದು. ನಾಲ್ಕನೆಯದು ಕಾಜಾ ಚಾಚಾನದು. ಅಂಗಿಯ ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆಗೆ ನಾವು ಕಾಜಾ ಎನ್ನುತ್ತೇವೆ. ಊರಿನ ಅರ್ಧ ಅಂಗಿಗಳಿಗೆ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಈ ಚಾಚಾ. ಪಾಳೆಯಗಾರರ ಕಾಲದಿಂದಲೂ ಸೂಜಿ ಹಿಡಿದ ಮನೆತನ ತಮ್ಮದು ಎಂದು ಅವರು ಹೇಳುತ್ತಾರೆ. ನಮ್ಮ ಮನೆಯವರು ದಿನಸಿ ವ್ಯಾಪಾರದ ಜನ. ಸೂಜಿ ಹಿಡಿದವಳು ನಾನೊಬ್ಬಳೇ. ನಾನು ಅಂಗಡಿ ತೆರೆದ ಹೊಸದರಲ್ಲಿ ಕತ್ತರಿಗೆ ಸಾಣೆ ಎಲ್ಲಿ ಹಿಡಿಸಬೇಕು, ಯಾವ ಅಂಗಡಿಯ ದಾರ ಬಣ್ಣ ಬಿಡುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದು ತಗಡಿನ ಗೋಡೆ. ನಾನು ಯಾರನ್ನು ಬೈದರೂ ಅವರಿಗೆ ಕೇಳಿಸುತ್ತದೆ, ಅವರ ಕೆಮ್ಮು ನನಗೆ ಕೇಳಿಸುತ್ತದೆ.

ನಾವು ದುರ್ಗ ಎನ್ನುವ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನ ಟೈಲರ್‌ಗಳಿಗೆ ಸೇರಿ ಒಂದು ಸಂಘವಿದೆ. ಮೂರು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ. ಅದಕ್ಕೆ ಹಿರಿಯರು ಮಾಡಿಟ್ಟ ಪದ್ಧತಿ ಹೀಗಿತ್ತು. ಹತ್ತು ಸದಸ್ಯರಿಗೆ ಒಂದು ದಾರದ ರೀಲು. ದುರ್ಗದಲ್ಲಿ ನೂರು ಜನ, ಹತ್ತು ರೀಲು. ನಮ್ಮಲ್ಲಿ ಎಂಬತ್ತು ಜನ, ಎಂಟು ರೀಲು. ಹೊಸದುರ್ಗಕ್ಕೆ ಆರು, ಹೊಳಲ್ಕೆರೆಗೆ ಐದು. ಚುನಾವಣೆಯ ಭಾನುವಾರ ಬೆಳಿಗ್ಗೆ ಆಯಾ ಊರಿನವರು ತಮ್ಮ ತಮ್ಮಲ್ಲೇ ಸೇರಿ ಕೈ ಎತ್ತುತ್ತಾರೆ. ಯಾರಿಗೆ ಕೈ ಹೆಚ್ಚೋ ಆ ಊರಿನ ಅಷ್ಟೂ ರೀಲು ಅವರಿಗೆ. ಊರಿನ ಹಿರಿಯ ಟೈಲರ್ ರೀಲುಗಳನ್ನು ಒಂದೇ ದಾರದಲ್ಲಿ ಪೋಣಿಸಿ ಗಂಟು ಹಾಕಿ, ಮಧ್ಯಾಹ್ನ ದುರ್ಗದ ಸಂಘದ ಹಾಲಿಗೆ ತಂದು ಮೇಜಿನ ಮೇಲೆ ಗೆದ್ದವರ ಕಡೆ ಇಡುತ್ತಾರೆ. ಒಟ್ಟು ಇಪ್ಪತ್ತೊಂಬತ್ತರಲ್ಲಿ ಹದಿನೈದು ಯಾರ ಕಡೆ ಬಂದವೋ ಅವರು ಅಧ್ಯಕ್ಷರು. ಒಂದೂರಿಗೆ ಒಂದೇ ಮಾತು, ಊರು ಒಡೆಯಬಾರದು ಎನ್ನುವುದು ಹಿರಿಯರ ಯೋಚನೆ. ಇನ್ನೊಂದು ಕಟ್ಟಳೆಯೂ ಇದೆ: ಚುನಾವಣೆಗೆ ನಿಂತವರು ಕೈ ಎತ್ತುವಾಗ ಒಳಗೆ ಇರಕೂಡದು, ಅವರ ಕೈಯನ್ನು ಹಿರಿಯ ಟೈಲರೇ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ; ಯಾರು ಯಾರಿಗೆ ಎತ್ತಿದರು ಎಂದು ಆಮೇಲೆ ಅವರಿಗೆ ಯಾರೂ ಹೇಳಕೂಡದು. ನಾಳೆ ಬೆಳಗಾದರೆ ಅದೇ ಸಾಲಿನಲ್ಲಿ ಅಂಗಡಿ ತೆರೆಯಬೇಕಲ್ಲ, ಅದಕ್ಕೆ.

ನನಗೆ ಅಧ್ಯಕ್ಷೆ ಆಗಬೇಕಿತ್ತು. ಸೇವೆಗಾಗಿ, ಸಮಾಜಕ್ಕಾಗಿ ಎಂದು ಬೊಗಳೆ ಬಿಡುವುದಿಲ್ಲ. ಆಸೆ ಇತ್ತು, ಹಠವೂ ಇತ್ತು. ಜೊತೆಗೊಂದು ಕಾರಣವೂ ಇತ್ತು. ಪ್ರತಿ ಬೇಸಿಗೆಯಲ್ಲಿ ಶಾಲೆಗಳ ಯೂನಿಫಾರಂ ಹೊಲಿಗೆ ಸಂಘಕ್ಕೆ ಬರುತ್ತದೆ. ಅದನ್ನು ಹಂಚುವವರು ಅಧ್ಯಕ್ಷರು. ಆಗಿನ ಅಧ್ಯಕ್ಷ, ನನ್ನ ಎದುರು ನಿಂತವನು, ಹೊಳಲ್ಕೆರೆಯವನು, ಪ್ಯಾಂಟ್ ಹೊಲಿಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲೂ ಅಷ್ಟೇ ಜಾಣ. ಅವನು ಬಂದ ಬಟ್ಟೆಯನ್ನೆಲ್ಲ ದೊಡ್ಡ ಜೆಂಟ್ಸ್ ಟೈಲರ್ ಅಂಗಡಿಗಳಿಗೇ ಕೊಡುತ್ತಿದ್ದ. ನನ್ನಲ್ಲಿ ಹೊಲಿಗೆ ಕಲಿತು ಹೋದ ಹೆಣ್ಣುಮಕ್ಕಳು ಆದಿವಾಲದಲ್ಲಿ, ಯಲ್ಲದಕೆರೆಯಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡಿದ್ದಾರೆ. ಮದುವೆ ಸೀಜನ್ ಮುಗಿದರೆ ಆ ಮಿಷನ್ನುಗಳ ಮೇಲೆ ಮಡಿಚಿದ ದುಪ್ಪಟಿ ಕೂತಿರುತ್ತದೆ. ನಾನು ಗೆದ್ದರೆ ಯೂನಿಫಾರಂನಲ್ಲಿ ಅರ್ಧ ಅವರ ಮನೆಗಳಿಗೆ ಹೋಗಬೇಕು, ಇದೊಂದೇ ನನ್ನ ಮಾತು. ನಾಲ್ಕೂ ಊರಿನಲ್ಲಿ ಅದನ್ನೇ ಸಾರಿಕೊಂಡು ಬಂದೆ.

ಮೊದಲ ಸಲ ನಿಂತಾಗ ಹಿರಿಯೂರಿನ ಎಂಬತ್ತರಲ್ಲಿ ಎಪ್ಪತ್ತೆರಡು ಕೈ ನನಗೆ ಬಂದವು. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ನನಗೆ ಚಾಚಾ ಬಂದು ಸಂಖ್ಯೆ ಹೇಳಿದಾಗ ಕಣ್ಣಲ್ಲಿ ನೀರು ಬಂತು. ಉಳಿದ ಮೂರೂ ಊರುಗಳಲ್ಲಿ ಕೂದಲೆಳೆಯಲ್ಲಿ ಸೋತೆ. ದುರ್ಗದಲ್ಲಿ ನೂರಕ್ಕೆ ನಲವತ್ತೆಂಟು, ಹೊಸದುರ್ಗದಲ್ಲಿ ಅರವತ್ತಕ್ಕೆ ಇಪ್ಪತ್ತೆಂಟು, ಹೊಳಲ್ಕೆರೆಯಲ್ಲಿ, ಅವನ ಸ್ವಂತ ಊರಿನಲ್ಲಿ, ಐವತ್ತಕ್ಕೆ ಇಪ್ಪತ್ತನಾಲ್ಕು. ಮೇಜಿನ ಮೇಲೆ ಅವನ ಕಡೆ ಮೂರು ಗಂಟು, ಇಪ್ಪತ್ತೊಂದು ರೀಲು. ನನ್ನ ಕಡೆ ಹಿರಿಯೂರಿನ ಒಂದು ಗಂಟು. ಚಪ್ಪಾಳೆ ಹೊಡೆದರು, ಅವನಿಗೆ ಶಾಲು ಹೊದಿಸಿದರು, ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು. ನಾನು ಮುಟ್ಟಲಿಲ್ಲ.

ಮರುದಿನ ಹೊಸದುರ್ಗದಿಂದ ಒಬ್ಬಳು ಫೋನ್ ಮಾಡಿದಳು. ಅವಳೂ ಟೈಲರ್, ಅಲ್ಲಿ ನನ್ನ ಪರ ಓಡಾಡಿದವಳು. "ನನ್ ಕೈ ಹೊಸದುರ್ಗದಾಗೇ ಉಳೀತಲ್ಲಕ್ಕ, ಮೇಜಿಗೆ ಮುಟ್ಲೇ ಇಲ್ಲ" ಎಂದಳು. ಆ ಮಾತು ನನ್ನೊಳಗೆ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು.

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ಮೇಡಂ ಒಬ್ಬರು ನನ್ನ ಹತ್ತಿರ ರವಿಕೆ ಹೊಲಿಸುತ್ತಾರೆ. ಅಳತೆ ಟೇಪು ಅವರ ತೋಳಿಗೆ ಸುತ್ತಿದ್ದಂತೆಯೇ ನನ್ನ ಕಥೆ ಹೇಳಿದೆ. ಅವರು ನಕ್ಕು, ಅಮೆರಿಕದಲ್ಲೂ ಇದೇ ಹಣೆಬರಹ ಎಂದರು. ಅಲ್ಲಿ ರಾಷ್ಟ್ರಾಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇಂತಿಷ್ಟು ಮತ ಎಂದು ಇರುತ್ತದಂತೆ. ಒಂದೆರಡು ಸಣ್ಣ ರಾಜ್ಯ ಬಿಟ್ಟರೆ ಬೇರೆಲ್ಲ ಕಡೆ, ಜನರ ಓಟು ಯಾರಿಗೆ ಹೆಚ್ಚೋ ಆ ರಾಜ್ಯದ ಅಷ್ಟೂ ಮತ ಅವರ ಪಾಲು. ದೇಶದಲ್ಲೆಲ್ಲ ಹೆಚ್ಚು ಓಟು ಪಡೆದವರೇ ಸೋತು ಮನೆಗೆ ಹೋದದ್ದೂ ಉಂಟಂತೆ. ಬಂದ ಓಟಿನ ಪ್ರಮಾಣದಲ್ಲೇ ರಾಜ್ಯದ ಮತ ಹಂಚಿ ಎಂದು ಕೇಳುವವರು ಅಲ್ಲೂ ಇದ್ದಾರೆ, ಆದರೆ ಗೆದ್ದ ಕಡೆಯವರು ಯಾಕೆ ಒಪ್ಪುತ್ತಾರೆ ಎಂದರು. ಚಂದ್ರನ ಮೇಲೆ ಕಾಲಿಟ್ಟು ಬಂದ ದೇಶಕ್ಕೂ ನಮ್ಮ ಹೊಲಿಗೆ ಸಂಘದ್ದೇ ಬುದ್ಧಿ! ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವರ ತೋಳಿನ ಅಳತೆ ಎರಡು ಸಲ ತಪ್ಪು ಬರೆದೆ.

ರೀಲನ್ನು ಅರ್ಧ ಮಾಡಲು ಬರುವುದಿಲ್ಲವಲ್ಲ ಎಂದು ಕೇಳಿದೆ. ಮೇಡಂ ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದರು. ಹತ್ತು ಕೈಗೆ ಒಂದು ರೀಲು ಕೊಡುತ್ತಾ ಹೋಗುವುದು. ಕೊನೆಗೆ ಒಂದು ರೀಲು ಉಳಿದರೆ, ಹತ್ತಕ್ಕೆ ತುಂಬದೆ ಮಿಕ್ಕ ಕೈಗಳು ಯಾರ ಹತ್ತಿರ ಹೆಚ್ಚಿವೆಯೋ ಅವರಿಗೆ ಅದು. ಸುಲಭ. ಒಂದು ಮಗುವಿಗೂ ಅರ್ಥವಾಗುತ್ತದೆ. ಅರ್ಥವಾಗದಿದ್ದದ್ದು ನಮ್ಮ ಸಂಘದವರಿಗೆ ಮಾತ್ರ.

ಮೂರು ವರ್ಷ ಭಾನುವಾರ ಎಂದರೆ ನನಗೆ ಬಸ್ಸು. ಒಂದು ವಾರ ಹೊಸದುರ್ಗ, ಒಂದು ವಾರ ಹೊಳಲ್ಕೆರೆ, ಒಂದು ವಾರ ದುರ್ಗ. ಹೋದಲ್ಲೆಲ್ಲ ಬರ್ರಿ, ಕುಂತ್ಕಳ್ರಿ ಎಂದು ಉಪಚಾರಕ್ಕೆ ಕೊರತೆಯಿಲ್ಲ. ಟೀ ತರಿಸುತ್ತಾರೆ, ಮನೆ ಕಡೆ ಹೇಗಿದ್ದಾರೆ ಎಂದು ಕೇಳುತ್ತಾರೆ, ನಾನು ರೀಲಿನ ಮಾತು ಎತ್ತಿದ ಕೂಡಲೇ ಮಿಷನ್ನಿಗೆ ಎಣ್ಣೆ ಬಿಡಲು ಶುರು ಮಾಡುತ್ತಾರೆ. ಗಂಟು ಬಿಚ್ಚಿದರೆ ಸಂಘವೇ ಬಿಚ್ಚಿಕೊಂಡಂತೆ ಎಂದ ಒಬ್ಬ. ಊರು ಒಡೆಯುವ ಕೆಲಸಕ್ಕೆ ಯಾಕೆ ಕೈ ಹಾಕುತ್ತೀಯಮ್ಮ ಎಂದ ಇನ್ನೊಬ್ಬ. ದುರ್ಗದ ಹಿರಿಯ ಟೈಲರ್ ಮಾಸ್ತರು ಪ್ರತಿ ಸಲವೂ ಮುಂದಿನ ಸಭೆಯಲ್ಲಿ ನೋಡೋಣ ಎಂದರು; ಮುಂದಿನ ಸಭೆಯಲ್ಲಿ ಅದರ ಮುಂದಿನ ಸಭೆ ತೋರಿಸಿದರು. ಅಳತೆ ತೆಗೆದು ಕತ್ತರಿಸುವ ಜನ ನಾವು, ದಪ್ಪಗಿದ್ದವರಿಗೂ ಸಣ್ಣಗಿದ್ದವರಿಗೂ ಒಂದೇ ಅಳತೆಯ ಅಂಗಿ ಹೊಲಿದು ಹಾಕಿಕೋ ಎನ್ನುತ್ತೇವಾ ಎಂದು ನಾನು ಕೂಗಾಡಿದೆ. ಕಲ್ಲಿನ ಮೇಲೆ ನೀರು ಸುರಿದಂತಾಯಿತು.

ಹಿರಿಯೂರಿಗೆ ಮರಳಿ ಬಂದು ಸೋಮವಾರ ಅಂಗಡಿಯಲ್ಲಿ ಅದನ್ನೇ ಹೇಳಿಕೊಂಡು ಬೈಯುತ್ತಿದ್ದೆ. ಹೊಸ ಪದ್ಧತಿ ಬಂದರೆ ಒಬ್ಬೊಬ್ಬರ ಕೈಯೂ ಮೇಜಿಗೆ ಮುಟ್ಟುತ್ತದೆ ಚಾಚಾ, ಒಂದೂ ದಾರಿಯಲ್ಲಿ ಉಳಿಯುವುದಿಲ್ಲ ಎಂದು ಗೋಡೆಯ ಈಚೆಯಿಂದ ಕೂಗಿ ಹೇಳುತ್ತಿದ್ದೆ. ಆ ಕಡೆಯಿಂದ "ಹೂಂ" ಎನ್ನುತ್ತಿದ್ದರು. ಮೂರು ವರ್ಷವೂ ಅವರು ಹೇಳಿದ್ದು ಆ ಹೂಂ ಒಂದೇ. ಅದು ಒಪ್ಪಿಗೆ ಎಂದೇ ತಿಳಿದಿದ್ದೆ.

ಚುನಾವಣೆಗೆ ನಾಲ್ಕು ತಿಂಗಳಿರುವಾಗ ಅಂತೂ ಮಹಾಸಭೆಯಲ್ಲಿ ಹೊಸ ಪದ್ಧತಿ ಪಾಸಾಯಿತು. ಒಪ್ಪಿ ಮಾಡಿದರೋ ನನ್ನ ಕಾಟ ತಡೆಯಲಾರದೆ ಮಾಡಿದರೋ ದೇವರಿಗೇ ಗೊತ್ತು. ಠರಾವನ್ನು ಪುಸ್ತಕದಲ್ಲಿ ಬರೆಯುತ್ತೇನೆ ಎಂದು ಅಧ್ಯಕ್ಷ ಹೇಳಿದ. ತಿಂಗಳಾದ ಮೇಲೆ ಕೇಳಿದರೆ ಪೆನ್ನು ಸರಿಯಿರಲಿಲ್ಲ ಎಂದ. ಇನ್ನೊಂದು ತಿಂಗಳಾದ ಮೇಲೆ ಕೇಳಿದರೆ ಪುಸ್ತಕ ಹೊಳಲ್ಕೆರೆಯಲ್ಲಿದೆ ಎಂದ. ಬರೆಯದಿದ್ದರೆ ಕತ್ತೆ ಬಾಲ, ಪಾಸಾಗಿದೆಯಲ್ಲ ಎಂದು ನಾನೂ ಸುಮ್ಮನಾದೆ.

ಎರಡನೆಯ ಚುನಾವಣೆಯ ಬೆಳಿಗ್ಗೆ ಅದೇ ಬೇವಿನ ಮರದ ಕೆಳಗೆ ನಿಂತಿದ್ದೆ. ನಮ್ಮ ಊರಿನ ಹಿರಿಯ ಟೈಲರ್ ಎಂದರೆ ಚಾಚಾನೇ, ಕೈ ಎಣಿಸುವವರೂ ರೀಲು ಒಯ್ಯುವವರೂ ಅವರೇ. ಹೊಸ ಪದ್ಧತಿಯಲ್ಲಿ ಊರಿಗೆ ಎರಡು ಗಂಟು. ಮೇಜಿನ ಮೇಲೆ ಬಿಚ್ಚುವ ತನಕ ಸಂಖ್ಯೆ ಹೇಳಬಾರದು ಎಂದು ನಾನೇ ಹಠ ಹಿಡಿದು ಸೇರಿಸಿದ್ದೆ. ಚಾಚಾ ಬಟ್ಟೆ ಚೀಲ ಹಿಡಿದುಕೊಂಡು ಹೊರಬಂದು, ಹೋಗಾಣ ಎಂದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಮುಂದೆ ಹೋಗಿ ಕೂತರು. ವಯಸ್ಸಾಯಿತು, ಹಿಂದೆ ಕುಲುಕಾಟ ಹೆಚ್ಚು ಎಂದುಕೊಂಡೆ. ನನ್ನ ಚಿಂತೆಯೆಲ್ಲ ದುರ್ಗ, ಹೊಸದುರ್ಗದ್ದು. ಹಿರಿಯೂರಿನಲ್ಲಿ ಏಳು ರೀಲು ನನ್ನವೇ ಎಂದು ಮನಸ್ಸಿನಲ್ಲೇ ಎತ್ತಿಟ್ಟುಕೊಂಡಿದ್ದೆ.

ಸಂಘದ ಹಾಲಿನಲ್ಲಿ ಮೊದಲು ದುರ್ಗದ ಗಂಟುಗಳನ್ನು ಬಿಚ್ಚಿದರು. ನನಗೆ ಐವತ್ತೊಂದು ಕೈ, ಅವನಿಗೆ ನಲವತ್ತೊಂಬತ್ತು. ರೀಲು ಐದೈದು. ಹೊಸದುರ್ಗದಲ್ಲಿ ಮೂವತ್ತೊಂದು, ಇಪ್ಪತ್ತೊಂಬತ್ತು. ರೀಲು ಮೂರು ಮೂರು. ಎರಡೂ ಊರಿನಲ್ಲಿ ಗೆದ್ದಿದ್ದೆ! ಹೊಳಲ್ಕೆರೆಯಲ್ಲಿ ನನಗೆ ಹದಿನೆಂಟೇ ಬಂದಿದ್ದವು, ಅಲ್ಲಿ ಎರಡು ರೀಲು ನನಗೆ, ಮೂರು ಅವನಿಗೆ. ನನ್ನ ಕಡೆ ಹತ್ತು, ಅವನ ಕಡೆ ಹನ್ನೊಂದು. ಇನ್ನು ಹಿರಿಯೂರಿನ ಎಂಟು ಬಾಕಿ. ನಾನಾಗಲೇ ಸೆರಗು ಸರಿಮಾಡಿಕೊಂಡು ಕೂತಿದ್ದೆ.

ಚಾಚಾ ಚೀಲದಿಂದ ಎರಡು ಗಂಟು ತೆಗೆದರು. ಎರಡೂ ಒಂದೇ ಗಾತ್ರದವು. ಜೊತೆಯ ಚೀಟಿ ನೋಡಿ, ನನಗೆ ನಲವತ್ತಮೂರು, ಅವನಿಗೆ ಮೂವತ್ತೇಳು ಎಂದು ಓದಿದರು. ನನಗೆ ನಾಲ್ಕು ರೀಲು ತುಂಬಿ ಮೂರು ಕೈ ಮಿಕ್ಕವು, ಅವನಿಗೆ ಮೂರು ರೀಲು ತುಂಬಿ ಏಳು ಕೈ ಮಿಕ್ಕವು. ಉಳಿದ ಒಂದು ರೀಲು ಅವನಿಗೆ. ನಾಲ್ಕು ನಾಲ್ಕು. ಒಟ್ಟು ನನ್ನ ಕಡೆ ಹದಿನಾಲ್ಕು, ಅವನ ಕಡೆ ಹದಿನೈದು. ಕೈಗಳನ್ನೇ ಕೂಡಿಸಿದರೂ ನೂರ ನಲವತ್ತಮೂರಕ್ಕೆ ನೂರ ನಲವತ್ತೇಳು. ಯಾವ ಕಡೆಯಿಂದ ನೋಡಿದರೂ ಸೋತಿದ್ದೆ. ನಾನೇ ಮಾಡಿದ ನಿಯಮ ಒಂದು ಚೂರೂ ತಪ್ಪದೆ ಕೆಲಸ ಮಾಡಿತ್ತು.

ಆಗ ದುರ್ಗದ ಹಿರಿಯ ಮಾಸ್ತರು, ಮುಂದಿನ ಸಭೆಯಲ್ಲಿ ನೋಡೋಣ ಎನ್ನುತ್ತಿದ್ದವರು, ಎದ್ದು ನಿಂತರು. ಈ ಸಲ ಅವರು ನನ್ನ ಕಡೆಗಿದ್ದರು. ಹಳೆಯ ಪದ್ಧತಿಯಾಗಿದ್ದರೆ ದುರ್ಗ, ಹಿರಿಯೂರು, ಹೊಸದುರ್ಗ ಮೂರೂ ಈಕೆಯವು, ಇಪ್ಪತ್ತನಾಲ್ಕು ರೀಲು ಎಂದರು. ಆಮೇಲೆ, ಹೊಸ ಠರಾವು ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎಂದರು. ಅಧ್ಯಕ್ಷ ಪುಸ್ತಕ ತಿರುವಿದ. ಹಾಳೆ ಖಾಲಿ. ಬರೆಯದೆ ಬಿಟ್ಟವನು ಅವನೇ. ಹಾಲಿನಲ್ಲಿ ಗುಸುಗುಸು ಎದ್ದಿತು. ಬರೆಯದ ನಿಯಮ ನಿಯಮವಲ್ಲ ಎಂದರು ಕೆಲವರು. ಅಧ್ಯಕ್ಷ ಪುಸ್ತಕ ಮುಚ್ಚಿ, ನನ್ನ ಕಡೆ ತಿರುಗಿದ.

"ತಪ್ಪು ನಂದೇ. ರೂಲು ತಂದಾಕಿ ನೀನು, ನೀನೇ ಹೇಳು ತಾಯಿ. ಹಳೇದೇ ಅಂದ್ರೆ ಈಗ್ಲೇ ಕುರ್ಚಿ ಬಿಟ್ಟು ಏಳ್ತೀನಿ."

ಸುಳ್ಳು ಹೇಳುವುದಿಲ್ಲ, ಹಳೆಯದೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದಿವಾಲದ ಮಿಷನ್ನುಗಳು ಕಣ್ಣ ಮುಂದೆ ಬಂದವು. ಮೂರು ವರ್ಷದ ಬಸ್ಸು, ಟೀ, ಮಿಷನ್ನಿನ ಎಣ್ಣೆ ಎಲ್ಲ ನೆನಪಾಯಿತು. ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಹೊಸದುರ್ಗದವಳು ಎದುರು ಸಾಲಿನಲ್ಲಿ ಕೂತಿದ್ದು ಕಂಡಿತು. ಅವಳ ಕೈ ಈ ಸಲ ಮೇಜಿಗೆ ಮುಟ್ಟಿತ್ತು. ನಾನು ಹಳೆಯದೇ ಎಂದರೆ ಹಿರಿಯೂರಿನ ಮೂವತ್ತೇಳು ಕೈ ಹಿರಿಯೂರಿನಲ್ಲೇ ಉಳಿಯುತ್ತಿದ್ದವು. ಅವು ನನಗೆ ಬೇಡವಾದ ಕೈಗಳೇ, ಆದರೂ ಕೈಗಳು. ಎಂಥ ಸಂಕಟ ನೋಡಿ: ನ್ಯಾಯ ಮಾಡಿದ ಸಂತೋಷ ಒಂದಿಷ್ಟೂ ಆಗಲಿಲ್ಲ, ಬರೀ ಮೈಯೆಲ್ಲ ಉರಿಯಿತು.

"ಎಣಿಸಿದ್ದು ಎಣಿಸಿದ್ದೇ. ಪುಸ್ತಕದಾಗೆ ಬರ್ಕಳ್ರಿ, ಈಗ್ಲಾದ್ರೂ ನನ್ ಕಣ್ಣೆದುರಿಗೆ ಬರ್ಕಳ್ರಿ" ಎಂದೆ. ಅವನು ಬರೆದ. ಪೆನ್ನು ಚೆನ್ನಾಗಿಯೇ ಇತ್ತು.

ವಾಪಸ್ಸು ಬರುವಾಗ ಚಾಚಾ ನನ್ನ ಪಕ್ಕದಲ್ಲೇ ಬಂದು ಕೂತರು. ಐಮಂಗಲ ಬರುವವರೆಗೂ ನನ್ನ ತಲೆಯಲ್ಲಿ ಮೂವತ್ತೇಳು ಮುಖಗಳನ್ನು ಹುಡುಕುವ ಕೆಲಸ ನಡೆದಿತ್ತು. ನನ್ನ ಊರು, ನನ್ನ ಸಾಲು, ಕಷ್ಟ ಸುಖಕ್ಕೆ ಆದ ಜನ. ಎಪ್ಪತ್ತೆರಡು ಇದ್ದದ್ದು ನಲವತ್ತಮೂರಕ್ಕೆ ಇಳಿಯಲು ನಾನು ಯಾರ ಹೊಲಿಗೆ ಬಿಚ್ಚಿದ್ದೆ? ತಡೆಯಲಾಗಲಿಲ್ಲ. ಕಟ್ಟಳೆ ಮುರಿದು ಕೇಳಿಯೇಬಿಟ್ಟೆ, ಆ ಮೂವತ್ತೇಳು ಜನ ಯಾರು ಎಂದು.

ಚಾಚಾ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು.

"ಮೂವತ್ತಾರು ಜನದ್ದು ನಾ ಹೇಳಾಕಿಲ್ಲ. ಒಂದು ನಂದು."

ಕಾರಣವನ್ನೂ ಅವರೇ ಹೇಳಿದರು. ಬೇಸಿಗೆಯಲ್ಲಿ ಅವರ ಅಂಗಡಿ ನಡೆಯುವುದೇ ಯೂನಿಫಾರಂ ಅಂಗಿಗಳಿಂದ. ದೊಡ್ಡ ಅಂಗಡಿಗಳು ಹೊಲಿದು, ಕಾಜಾಕ್ಕೆ ಎಂದು ಕಟ್ಟುಕಟ್ಟಾಗಿ ಅವರಲ್ಲಿಗೆ ಕಳಿಸುತ್ತವೆ. ಬಟ್ಟೆ ಆದಿವಾಲಕ್ಕೆ, ಯಲ್ಲದಕೆರೆಗೆ ಮನೆಮನೆಗೆ ಹೋದರೆ ಹೆಣ್ಣುಮಕ್ಕಳು ಮಿಷನ್ನಿನಲ್ಲೇ ಕಾಜಾ ಹಾಕಿಕೊಳ್ಳುತ್ತಾರೆ, ಇವರ ಹತ್ತಿರ ಯಾರು ತರುತ್ತಾರೆ? ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತು ಆ ಕಟ್ಟುಗಳು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ತಲೆಗೆ ಹೋಗಿರಲಿಲ್ಲ.

ಮತ್ತೆ ಹೋದ ಸಲದ ಎಪ್ಪತ್ತೆರಡರಲ್ಲಿ ನಿಮ್ಮ ಕೈಯೂ ಇತ್ತು ಎಂದುಕೊಂಡಿದ್ದೆನಲ್ಲ, ಆಗಲೂ ಇದೇ ಯೂನಿಫಾರಂ ಮಾತು ಹೇಳಿದ್ದೆನಲ್ಲ ಎಂದೆ. ನನ್ನ ದನಿ ನನಗೇ ಜಗಳದ ದನಿಯಾಗಿ ಕೇಳಿಸಿತು.

"ಹೋದ ಸಲ ಎತ್ತದಿದ್ರೆ ಏನಾಗ್ತಿತ್ತು? ಎಂಟೂ ರೀಲು ನಿನ್ ಕಡೀಕೇ ಹೋಗ್ತಿದ್ವು. ದಿನಾ ಮಕ ನೋಡೋರು, ಸುಮ್ನೆ ನಿಷ್ಠುರ ಯಾಕೆ ಅಂತ ಎತ್ತಿದೆ. ನನ್ನಂಗೆ ಎತ್ತಿದೋರು ಇನ್ನೂ ಅವ್ರೆ. ಈ ಸಲ ಕೈ ಮೇಜಿಗೆ ಮುಟ್ತೈತೆ ಅಂತ ನೀನೇ ಮೂರು ವರ್ಷ ಕೂಗಿ ಹೇಳ್ದೆಯಲ್ಲಮ್ಮ."

ನನಗೊಂದು ಮಾತು ಮೊದಲೇ ಹೇಳಬಾರದಿತ್ತಾ ಎಂದೆ.

"ನೀ ಕೇಳ್ಲಿಲ್ಲ" ಎಂದರು.

ನಿಜ. ಹೊಸದುರ್ಗದ ಬಸ್ಸು ಹತ್ತಿದ್ದೆ, ಹೊಳಲ್ಕೆರೆಯ ಟೀ ಕುಡಿದಿದ್ದೆ, ಅಮೆರಿಕದ ರಾಜ್ಯಗಳ ವಿಷಯವನ್ನೂ ಕೇಳಿ ತಿಳಿದುಕೊಂಡಿದ್ದೆ. ನಾಲ್ಕನೆಯ ಅಂಗಡಿಗೆ ಹೋಗಿ, ಚಾಚಾ ನಿಮಗೇನು ಬೇಕು ಎಂದು ಒಂದು ಸಲ ಕೇಳಿರಲಿಲ್ಲ. ಬಸ್ಸು ಹಿರಿಯೂರು ಮುಟ್ಟುವ ತನಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಅವರ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಆರಾಮವಿರುತ್ತಿತ್ತು.

ಮರುದಿನ ಅಂಗಡಿ ತೆರೆದೆ. ಚಾಚಾನೂ ತೆರೆದರು. ಹತ್ತು ಗಂಟೆ ಹೊತ್ತಿಗೆ ಹಳೆಯ ಗಿರಾಕಿಯೊಬ್ಬಳು ಮೊಮ್ಮಗಳ ಲಂಗದ ಬಟ್ಟೆ ತಂದಳು. ಚುನಾವಣೆ ಏನಾಯಿತಕ್ಕ, ಎಷ್ಟು ಕೈ ಬಂತು ಎಂದು ಕೇಳಿದಳು. ನೂರ ನಲವತ್ತಮೂರು ಎಂದೆ. ಅಯ್ಯೋ, ಹೋದ ಸಲ ನೂರ ಎಪ್ಪತ್ತೆರಡು ಬಂದಿತ್ತು ಅಂತಿದ್ದೆಯಲ್ಲ ಎಂದಳು. ತಗಡಿನ ಗೋಡೆಯ ಆಚೆ ಕೆಮ್ಮು ನಿಂತಿತು.

"ಹೋದ ಸಲ ನಿಜವಾಗ್ಲೂ ಎಷ್ಟು ಬಂದಿತ್ತೋ ನಂಗೊತ್ತಿಲ್ಲಮ್ಮ" ಎಂದು ಹೇಳಿ ಅಳತೆ ಟೇಪು ತೆಗೆದೆ.